ಮೂರು ಕಂಬಗಳ ದೂರ

(ಬಾಗಲಕೋಟೆಯ ನವನಗರದಲ್ಲಿ ಎಚ್ಐವಿ ಜೊತೆ ಬದುಕುತ್ತಿರುವವರು, ಅವರ ಮನೆಯವರು, ಆಶಾ ಕಾರ್ಯಕರ್ತೆಯರು ಮತ್ತು ನರ್ಸ್‌ಗಳು ಸೇರಿದ್ದ ಸಭೆಯಲ್ಲಿ ಕಾಲಿನ ರಕ್ತನಾಳದ ಕಾಯಿಲೆಯ ಬಗ್ಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಬಹಳಷ್ಟು ಜನ ಬಸ್ ನಿಲ್ದಾಣದಿಂದ ಇಲ್ಲಿಗೆ ನಡೆದೇ ಬಂದಿದ್ದೀರಿ. ದಾರಿಯಲ್ಲಿ ನಡುವೆ ನಿಂತವರು ಯಾರಾದರೂ ಇದ್ದೀರಾ? ಬಿಸಿಲಿಗೆ ನಿಂತದ್ದಲ್ಲ, ಪರಿಚಯದವರು ಸಿಕ್ಕರೆಂದು ನಿಂತದ್ದೂ ಅಲ್ಲ. ಮೀನಖಂಡ ಹಿಡಿದುಕೊಂಡಿತು, ಇನ್ನೊಂದು ಹೆಜ್ಜೆ ಇಡಲಾಗದು ಎಂದು ನಿಂತವರನ್ನು ಕೇಳುತ್ತಿದ್ದೇನೆ. ಕೈ ಎತ್ತಬೇಕಾಗಿಲ್ಲ, ಮನಸ್ಸಿನಲ್ಲಿಟ್ಟುಕೊಳ್ಳಿ ಸಾಕು.

ನಾನು ಶಸ್ತ್ರಚಿಕಿತ್ಸಕ. ಕಬ್ಬು ಬೆಳೆಯುವ ಊರೊಂದರ ಹಿರಿಯರೊಬ್ಬರ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆಯ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರಲ್ಲ, ಅವರೂ ವರ್ಷ ತಪ್ಪದೆ ಹೋಗುತ್ತಿದ್ದರು. ಎಚ್ಐವಿ ಇದೆ ಎಂದು ತಿಳಿದ ಮೇಲೂ ಬಿಟ್ಟಿರಲಿಲ್ಲ. ಬಗಲಚೀಲದಲ್ಲಿ ಗುಳಿಗೆ ಡಬ್ಬಿ ಇಟ್ಟುಕೊಂಡು ಮಲ್ಲಯ್ಯನ ಹೆಸರು ಹೇಳುತ್ತಾ ನಡೆಯುತ್ತಿದ್ದರು. ವೈರಲ್ ಲೋಡ್ ಪರೀಕ್ಷೆ ಮಾಡಿದಾಗಲೆಲ್ಲ ರಕ್ತದಲ್ಲಿ ವೈರಸ್ ಪತ್ತೆಯಾಗುತ್ತಿರಲಿಲ್ಲ. ಒಂದು ವರ್ಷ ಅವರು ಪಾದಯಾತ್ರೆಗೆ ಹೊರಡಲಿಲ್ಲ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾದರು. ವಯಸ್ಸು ಐವತ್ತೆರಡು!

ನನ್ನ ಬಳಿ ಬಂದಾಗ ಅವರು ಹೇಳಿದ ಮಾತು ಇದು: 'ಮನೆಯಿಂದ ಹೊರಟರೆ ಮೂರು ಕಂಬ, ಸಾಹೇಬರೆ. ಮೂರನೆಯ ಲೈಟ್ ಕಂಬಕ್ಕೆ ಹೋಗುವಷ್ಟರಲ್ಲಿ ಕಾಲು ಹಿಡಿಯುತ್ತದೆ. ಕಂಬಕ್ಕೆ ಒರಗಿ ನಿಂತರೆ ಬಿಡುತ್ತದೆ. ಮತ್ತೆ ಮೂರು ಕಂಬ.' ಇದಕ್ಕಿಂತ ಚೆನ್ನಾಗಿ ಈ ಕಾಯಿಲೆಯನ್ನು ಯಾವ ವೈದ್ಯಕೀಯ ಪುಸ್ತಕವೂ ವರ್ಣಿಸಿಲ್ಲ. ಇದೇ ಮಾತನ್ನು ಅವರು ಒಂದೂವರೆ ವರ್ಷದಿಂದ ಹೇಳುತ್ತಲೇ ಬಂದಿದ್ದರು. ಒಬ್ಬರು ವಾತ ಎಂದರು, ಇನ್ನೊಬ್ಬರು ನರದ ದೌರ್ಬಲ್ಯ ಎಂದು ವಿಟಮಿನ್ ಸೂಜಿ ಚುಚ್ಚಿದರು, ಮತ್ತೊಬ್ಬರು 'ಆ ಗುಳಿಗೆ ನುಂಗುವವರಿಗೆ ಇದೆಲ್ಲ ಇದ್ದದ್ದೇ' ಎಂದರು. ನನ್ನ ಮುಂದೆ ಕೂತಾಗ ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ತೆಗೆದವನು ನಾನೇ.

ಅದಕ್ಕೂ ಎರಡು ವರ್ಷ ಮೊದಲು ಅವರು ಹರ್ನಿಯಾ ಎಂದು ನನ್ನ ಬಳಿಯೇ ಬಂದಿದ್ದರು. ಹೊಟ್ಟೆ ನೋಡಿದೆ, ತೊಡೆಸಂದು ನೋಡಿದೆ, ಶಸ್ತ್ರಚಿಕಿತ್ಸೆ ಮಾಡಿ ಕಳುಹಿಸಿದೆ. ಬೀಡಿ ಸೇದುತ್ತಾರೆ ಎಂದು ಚೀಟಿಯಲ್ಲಿ ಬರೆದವನೂ ನಾನೇ. ಪಾದವನ್ನು ಮಾತ್ರ ಮುಟ್ಟಿ ನೋಡಲಿಲ್ಲ. ಎರಡು ಬೆರಳಿಟ್ಟು ಅರ್ಧ ನಿಮಿಷ ನೋಡಿದ್ದರೆ ಅಂದೇ ಸುಳಿವು ಸಿಗುತ್ತಿತ್ತೇನೋ. ಇಂದು ನಿಮ್ಮ ಮುಂದೆ ನಿಂತಿರುವುದಕ್ಕೆ ಆ ಅರ್ಧ ನಿಮಿಷವೇ ಕಾರಣ.

ಕಾಯಿಲೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಹೃದಯದಿಂದ ಕಾಲಿಗೆ ಶುದ್ಧ ರಕ್ತ ಒಯ್ಯುವ ನಾಳಗಳಿಗೆ ಅಪಧಮನಿ ಎನ್ನುತ್ತೇವೆ. ಅವುಗಳ ಒಳಗೋಡೆಗೆ ಕೊಬ್ಬು, ಸುಣ್ಣ, ಉರಿಯೂತದ ಕಸ ಮೆತ್ತಿ ದಾರಿ ಕಿರಿದಾಗುವುದೇ ಕಾಲಿನ ಅಪಧಮನಿ ಕಾಯಿಲೆ. ಚೀಟಿಯಲ್ಲಿ ಇದನ್ನು ಪಿಎಡಿ ಎಂದು ಬರೆದಿರುತ್ತಾರೆ. ಘಟಪ್ರಭಾ ಕಾಲುವೆಯ ಕೊನೆಯಂಚಿನಲ್ಲಿ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಎಲ್ಲೋ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆಯ ಹೊಲ. ಪಾದ ನಮ್ಮ ದೇಹದ ಕೊನೆಯ ಹೊಲ. ಕೂತಾಗ ಬರುವಷ್ಟು ನೀರು ಸಾಕಾಗುತ್ತದೆ. ನಡೆಯಲು ಹೊರಟರೆ ಮೀನಖಂಡ ಹೆಚ್ಚು ರಕ್ತ ಕೇಳುತ್ತದೆ, ಕಿರಿದಾದ ನಾಳದಲ್ಲಿ ಅಷ್ಟು ಬರುವುದಿಲ್ಲ, ಆಗ ನೋವು. ನಿಂತರೆ ಬೇಡಿಕೆ ಇಳಿಯುತ್ತದೆ, ಹತ್ತು ನಿಮಿಷದೊಳಗೆ ನೋವೂ ಇಳಿಯುತ್ತದೆ. ಹೂಳು ಇನ್ನಷ್ಟು ತುಂಬಿದರೆ ಮಲಗಿದಾಗಲೂ ಪಾದ ನೋಯುತ್ತದೆ. ಅಂಥವರು ರಾತ್ರಿ ಎದ್ದು ಮಂಚದಿಂದ ಕಾಲು ಇಳಿಬಿಟ್ಟು ಕೂರುತ್ತಾರೆ, ಹಾಗೆ ಕೂತರೆ ತುಸು ಹಾಯೆನಿಸುತ್ತದೆ. ಮನೆಯಲ್ಲಿ ಯಾರಾದರೂ ಹೀಗೆ ರಾತ್ರಿ ಕಳೆಯುತ್ತಿದ್ದರೆ ಬೆಳಗಾಗುತ್ತಲೇ ಆಸ್ಪತ್ರೆಗೆ ಕರೆತನ್ನಿ. ಗಾಯ ಮಾಯದಿರುವುದು, ಬೆರಳು ಕಪ್ಪಾಗುವುದು ಅದರ ಮುಂದಿನ ಹಂತ.

ಇದು ಎಚ್ಐವಿ ಇಲ್ಲದವರಿಗೂ ಬರುವ ಕಾಯಿಲೆ. ಹಾಗಾದರೆ ನಿಮ್ಮನ್ನೇ ಕರೆದು ಏಕೆ ಹೇಳುತ್ತಿದ್ದೇನೆ? ಗುಳಿಗೆ ವೈರಸ್ಸನ್ನು ಕಟ್ಟಿಹಾಕುತ್ತದೆ, ಆದರೆ ಬೇರು ಸಮೇತ ಕೀಳುವುದಿಲ್ಲ. ವೈರಸ್ ರಕ್ತಪರೀಕ್ಷೆಯಲ್ಲಿ ಸಿಗದಷ್ಟು ಅಡಗಿ ಕೂತಿದ್ದರೂ ರೋಗನಿರೋಧಕ ವ್ಯವಸ್ಥೆ ಪೂರ್ತಿ ನಿದ್ದೆ ಮಾಡುವುದಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಸಣ್ಣ ಉರಿಯೂತ ವರ್ಷಗಟ್ಟಲೆ ನಡೆದೇ ಇರುತ್ತದೆ. ಆ ಕಾವಿಗೆ ನಾಳಗಳ ಒಳಪದರ ಹಾಳಾಗುತ್ತದೆ. ಹಿಂದೆ ಕೊಡುತ್ತಿದ್ದ ಕೆಲವು ಔಷಧಗಳು ಕೊಬ್ಬಿನಂಶವನ್ನೂ ಏರಿಸುತ್ತಿದ್ದವು. ಇದರ ಮೇಲೆ ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಸೇರಿದರೆ ಕೆಂಡಕ್ಕೆ ಗಾಳಿ ಊದಿದಂತೆ.

ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ತೊಂಬತ್ತು ಸಾವಿರಕ್ಕೂ ಹೆಚ್ಚು ಜನ, ಬಹುತೇಕ ಗಂಡಸರು. ಎಚ್ಐವಿ ಇದ್ದವರಲ್ಲಿ ಈ ಕಾಯಿಲೆಯ ಅಪಾಯ ಶೇ 19ರಷ್ಟು ಹೆಚ್ಚಿತ್ತು. ನಾನು ಹೆಚ್ಚು ಯೋಚಿಸಿದ್ದು ಅದರ ಒಳಗಿನ ಇನ್ನೊಂದು ಲೆಕ್ಕದ ಬಗ್ಗೆ. ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಎಣಿಕೆ, 200ಕ್ಕಿಂತ ಕೆಳಗೇ ಉಳಿದವರಲ್ಲಿ ಅಪಾಯ ಸುಮಾರು ಇಮ್ಮಡಿ. 500ರ ಮೇಲೆ ಕಾಯ್ದುಕೊಂಡವರಲ್ಲಿ ಎಚ್ಐವಿ ಇಲ್ಲದವರಿಗಿಂತ ಹೆಚ್ಚಿನ ಅಪಾಯವೇ ಕಾಣಲಿಲ್ಲ.

ಈ ಲೆಕ್ಕವನ್ನು ನಮ್ಮ ಜಿಲ್ಲೆಗಳಿಗೆ ತಂದು ನೋಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರನ್ನೂ ಒಂದು ಕಾಲದಲ್ಲಿ ಎಚ್ಐವಿ ಹೆಚ್ಚಿರುವ 'ಎ' ವರ್ಗಕ್ಕೆ ಸೇರಿಸಿದ್ದರು. ಸರ್ಕಾರ ಉಚಿತ ಎಆರ್‌ಟಿ, ಅಂದರೆ ಎಚ್ಐವಿಯನ್ನು ಹತ್ತಿಕ್ಕುವ ಗುಳಿಗೆಗಳ ಚಿಕಿತ್ಸೆ, ಆರಂಭಿಸಿದ್ದು 2004ರ ಏಪ್ರಿಲ್ 1ರಂದು, ದೇಶಕ್ಕೆಲ್ಲ ಎಂಟೇ ಕೇಂದ್ರ. ಆಗ ಸಿಡಿ4 200ಕ್ಕೆ ಇಳಿಯುವವರೆಗೆ, ಇಲ್ಲವೇ ಕಾಯಿಲೆ ಉಲ್ಬಣಿಸುವವರೆಗೆ ಗುಳಿಗೆ ಕೊಡುತ್ತಿರಲಿಲ್ಲ. ಎಣಿಕೆ ಎಷ್ಟೇ ಇರಲಿ, ಪತ್ತೆಯಾದ ಕೂಡಲೇ ಚಿಕಿತ್ಸೆ ಎಂಬ ನೀತಿ ಬಂದದ್ದು 2017ರಲ್ಲಿ. ಅಂದರೆ ಆ ಮೊದಲ ವರ್ಷಗಳಲ್ಲಿ ಗುಳಿಗೆ ಶುರು ಮಾಡಿದವರು ದೇಹ ಸೋತ ಮೇಲೆಯೇ ಶುರು ಮಾಡಿದರು. ಇವತ್ತು ಅವರಿಗೆ ಐವತ್ತು, ಐವತ್ತೈದು, ಅರವತ್ತು. ಸಾವನ್ನು ಎದುರಿಸಿ ಗೆದ್ದ ಪೀಳಿಗೆ ಅದು. ಅವರ ಕಾಲುಗಳನ್ನು ಉಳಿಸಿಕೊಳ್ಳುವುದು ಈಗ ನಮ್ಮ ಮೇಲಿರುವ ಋಣ.

ಈಗ ಪಾದ ಮುಟ್ಟುವ ವಿಷಯ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ. ಎಚ್ಐವಿ ಇರುವವರನ್ನು ದೂರ ನಿಲ್ಲಿಸಿ ಮಾತನಾಡಿಸಿ, ಮೇಜಿನ ಆಚೆಯಿಂದಲೇ ಚೀಟಿ ಬರೆದು ಕೊಟ್ಟ ವರ್ಷಗಳು ನಮ್ಮ ವೃತ್ತಿಯಲ್ಲಿ ಇದ್ದವು. ಅದರ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಸಿಡಿ4 ಯಂತ್ರ ಹೇಳುತ್ತದೆ, ವೈರಲ್ ಲೋಡ್ ಪ್ರಯೋಗಾಲಯ ಹೇಳುತ್ತದೆ, ಹೀಗಾಗಿ ರೋಗಿಯನ್ನು ಮುಟ್ಟದೆಯೇ ಚಿಕಿತ್ಸೆ ಸಾಗುತ್ತದೆ. ಆದರೆ ಪಾದದ ನಾಡಿ ಮುಟ್ಟದೆ ಸಿಗುವುದಿಲ್ಲ. ಗಾಯವಿಲ್ಲದ ಚರ್ಮ ಮುಟ್ಟಿದರೆ ಎಚ್ಐವಿ ಹರಡುವುದೇ ಇಲ್ಲ, ಅದಕ್ಕೆ ಕೈಗವಸೂ ಬೇಡ. ನಮ್ಮಲ್ಲಿ ಹಿರಿಯರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅದೇ ಕೈ ಆಸ್ಪತ್ರೆಯೊಳಗೆ ಹಿಂದೆ ಸರಿಯಬೇಕೇ?

ನರ್ಸ್‌ಗಳೇ, ಆಶಾ ಅಕ್ಕಂದಿರೇ, ಈಗಲೇ ಮಾಡಿ ನೋಡಿ. ಚಪ್ಪಲಿ ಕಳಚಿ, ಹೆಬ್ಬೆರಳನ್ನು ಮೇಲಕ್ಕೆತ್ತಿ. ಪಾದದ ಮೇಲೆ ಒಂದು ಹುರಿ ಎದ್ದು ಕಾಣುತ್ತದೆ. ಅದರ ಪಕ್ಕಕ್ಕೆ, ಕಿರುಬೆರಳಿನ ಕಡೆಗೆ, ತೋರುಬೆರಳು ಮತ್ತು ನಡುಬೆರಳನ್ನು ಹಗುರವಾಗಿ ಇಡಿ. ಜೋರಾಗಿ ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ. ನಿಮ್ಮ ಹೆಬ್ಬೆರಳಿನಿಂದ ನೋಡಬೇಡಿ, ನಿಮ್ಮದೇ ನಾಡಿಯನ್ನು ಅವರದೆಂದು ತಿಳಿಯುವ ಸಂಭವ ಇದೆ. ಇನ್ನೊಂದು ಜಾಗ ಪಾದದ ಕೀಲಿನ ಒಳಬದಿ, ಉಬ್ಬಿದ ಎಲುಬಿನ ಹಿಂದೆ. ಎರಡೂ ಕಾಲು, ಎರಡೂ ಜಾಗ. ಮೇಲಿನ ನಾಡಿ ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ, ಆದ್ದರಿಂದ ಅದೊಂದು ಸಿಗದಿದ್ದರೆ ಗಾಬರಿ ಬೇಡ. ಎಲುಬಿನ ಹಿಂದಿನದೂ ಸಿಗದಿದ್ದರೆ, ಅಥವಾ ಒಂದು ಕಾಲಿಗೂ ಇನ್ನೊಂದಕ್ಕೂ ಸ್ಪಷ್ಟ ವ್ಯತ್ಯಾಸವಿದ್ದರೆ ವೈದ್ಯರ ಬಳಿ ಕಳುಹಿಸಿ.

ಅವರು ಮಾಡುವ ಪರೀಕ್ಷೆಯೂ ಸರಳ. ಹತ್ತು ನಿಮಿಷ ಮಲಗಿಸಿ, ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿಯನ್ನೇ ಪಾದದ ಕೀಲಿನ ಮೇಲೆಯೂ ಕಟ್ಟಿ, ಡಾಪ್ಲರ್ ಎಂಬ ಪೆನ್ನಿನಂಥ ಸಾಧನದಿಂದ ನಾಡಿಯ ಸದ್ದು ಕೇಳಿ ಒತ್ತಡ ಅಳೆಯುತ್ತಾರೆ. ಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಬೇಕು. ತೋಳಿನಲ್ಲಿ 140, ಕಾಲಿನಲ್ಲಿಯೂ 140 ಇದ್ದರೆ 1. ಅದು ಸರಿ. ನಾನು ಹೇಳಿದ ಹಿರಿಯರ ಇನ್ನೊಂದು ಕಾಲನ್ನು ಅಳೆದಾಗ 84 ಬಂತು, ಅಂದರೆ 0.6. ಈ ಸಂಖ್ಯೆ 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ಇದೆ ಎಂದರ್ಥ. 1.4 ದಾಟಿದರೆ ಖುಷಿಪಡಬೇಡಿ. ನಾಳಗಳು ಸುಣ್ಣ ಕಟ್ಟಿ ಗಡುಸಾಗಿವೆ ಎಂದು ಅರ್ಥ, ಸಕ್ಕರೆ ಕಾಯಿಲೆಯವರಲ್ಲಿ ಹೀಗಾಗುತ್ತದೆ, ಅವರಿಗೆ ಬೇರೆ ಪರೀಕ್ಷೆ ಬೇಕು. ಆರೋಗ್ಯವಂತ ನಾಡಿಯ ಸದ್ದು ಡಾಪ್ಲರಿನಲ್ಲಿ ಚಾಟಿ ಬೀಸಿದ ಹಾಗೆ ಚುರುಕಾಗಿರುತ್ತದೆ. ಮುಚ್ಚಿಕೊಳ್ಳುತ್ತಿರುವ ನಾಳದ ಸದ್ದು ದೂರದಲ್ಲಿ ಗಾಳಿ ಸುಯ್ಯೆಂದಂತೆ. ಆ ಹಿರಿಯರಿಗೆ ಎರಡನ್ನೂ ಕೇಳಿಸಿದೆ, ಮೊದಲು ನನ್ನ ಕಾಲಿನದು, ಆಮೇಲೆ ಅವರದು. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಅಂಗಿಯ ಕಿಸೆಯಿಂದ ಬೀಡಿ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು. ಆ ಕಾಲು ಇವತ್ತಿಗೂ ಉಳಿದಿದೆ.

ಕಾಲಿನ ನೋವೆಲ್ಲ ಇದೇ ಅಲ್ಲ. ಹಿಂದೆ ಎಚ್ಐವಿಗೆ ಸ್ಟಾವುಡಿನ್ ಎಂಬ ಗುಳಿಗೆ ಕೊಡುತ್ತಿದ್ದರು, ಈಗ ಅದು ಬಳಕೆಯಲ್ಲಿಲ್ಲ. ಅದನ್ನು ತೆಗೆದುಕೊಂಡ ಹಲವರ ಪಾದಗಳ ನರ ಕೆಟ್ಟವು. ನರದ ನೋವು ಎರಡೂ ಅಂಗಾಲುಗಳಲ್ಲಿ ಉರಿ, ಜೋಮು, ಇರುವೆ ಹರಿದಂತೆ. ಕೂತರೂ ಇರುತ್ತದೆ, ನಿಂತರೂ ಇರುತ್ತದೆ. ನಾಳದ ನೋವಿಗೆ ಅಳತೆ ಇದೆ, ಅದು ಕಂಬ ಎಣಿಸುತ್ತದೆ. ಬೆನ್ನುಹುರಿ ಒತ್ತಿದ ನೋವೂ ನಡೆದಾಗ ಬರುತ್ತದೆ, ಆದರೆ ಸುಮ್ಮನೆ ನಿಂತರೆ ಹೋಗುವುದಿಲ್ಲ, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ಒಬ್ಬರಲ್ಲೇ ಎರಡು ಬಗೆಯ ನೋವು ಇರಬಹುದು ಎಂಬುದನ್ನೂ ಮರೆಯಬೇಡಿ. ನರ ಸತ್ತ ಪಾದಕ್ಕೆ ಕಬ್ಬಿನ ರವದಿ ಚುಚ್ಚಿದರೂ ತಿಳಿಯುವುದಿಲ್ಲ, ರಕ್ತವಿಲ್ಲದ ಪಾದದಲ್ಲಿ ಆ ಗಾಯ ಮಾಯುವುದಿಲ್ಲ. ಹಾಗೆಯೇ, ಕಾಲು ತಣ್ಣಗಿದೆ ಎಂದು ಬಿಸಿ ಇಟ್ಟಿಗೆ, ಬಿಸಿ ಉಪ್ಪಿನ ಗಂಟು, ಕುದಿನೀರಿನ ಶಾಖ ಕೊಡಬೇಡಿ. ಪ್ರೀತಿಯಿಂದ ಶಾಖ ಕೊಟ್ಟು ಸುಟ್ಟುಹೋದ ಪಾದಗಳನ್ನು ನಾನು ಬಹಳ ನೋಡಿದ್ದೇನೆ. ಕಾಲುಚೀಲ ಸಾಕು.

ತಂಬಾಕಿನ ಮಾತು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ಬೆಳೆಯುವವರ, ಸುರುಳಿ ಸುತ್ತುವ ಹೆಣ್ಣುಮಕ್ಕಳ ಹೊಟ್ಟೆಪಾಡು ಅದರಲ್ಲಿದೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಾಲಿನ ಅಪಧಮನಿಗೆ ಹೊಗೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಬೀಡಿ ಸಣ್ಣದು, ಅದರಿಂದೇನು ಎನ್ನುತ್ತಾರೆ. ಪದೇಪದೇ ಆರಿಹೋಗುವ ಬೀಡಿಯನ್ನು ಜೋರಾಗಿ ಎಳೆಯಬೇಕಾಗುವುದರಿಂದ ಅದು ಸಿಗರೇಟಿಗಿಂತ ಸೌಮ್ಯವಲ್ಲ. ಗುಟ್ಕಾ, ತಂಬಾಕಿನ ಎಲೆ ಅಡಿಕೆಯ ನಿಕೋಟಿನ್ ಕೂಡ ನಾಳಗಳನ್ನು ಕುಗ್ಗಿಸುತ್ತದೆ. ನಾನು ನಾಳ ಜೋಡಿಸಿದರೂ, ಬೆಳಗಾವಿಯ ವೈದ್ಯರು ಬಲೂನು ಹಾಕಿ ಹಿಗ್ಗಿಸಿದರೂ, ಸೇದುತ್ತಿದ್ದರೆ ಅದು ಮತ್ತೆ ಮುಚ್ಚುತ್ತದೆ.

ಚಿಕಿತ್ಸೆಯಲ್ಲಿ ಜನ ನಂಬದಿರುವುದು ನಡಿಗೆಯನ್ನು. ನಡೆದರೆ ನೋವು ಬರುವವರಿಗೆ ನಡೆಯಿರಿ ಎಂದರೆ ಕ್ರೂರ ಮಾತಿನಂತೆ ಕೇಳಿಸುತ್ತದೆ. ಆದರೆ ಕೇಳಿ: ನೋವು ಬರುವವರೆಗೆ ನಡೆದು, ಅದು ಜೋರಾದಾಗ ನಿಂತು, ಹೋದ ಮೇಲೆ ಮತ್ತೆ ನಡೆಯಬೇಕು. ಹೀಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ ಹನ್ನೆರಡು ವಾರ. ಮೂರು ಕಂಬ ಐದಾಗುತ್ತದೆ, ಐದು ಹತ್ತಾಗುತ್ತದೆ. ಗಾಯ ಇದ್ದವರು, ರಾತ್ರಿ ನೋವು ಇದ್ದವರು ಮಾತ್ರ ಇದನ್ನು ಮಾಡಬಾರದು, ಅವರು ಮೊದಲು ವೈದ್ಯರ ಬಳಿ ಬರಬೇಕು.

ಇನ್ನು ಔಷಧ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್, ಕೊಬ್ಬಿಗೆ ಸ್ಟ್ಯಾಟಿನ್. ಕಾಲಿನ ನಾಳ ಕಿರಿದಾದವರಿಗೆ ಹೃದಯ, ಮಿದುಳಿನ ನಾಳಗಳೂ ಕೆಟ್ಟಿರುವುದು ಸಾಮಾನ್ಯ. ಕಾಲಿಗಿಂತ ಹೃದಯಾಘಾತ, ಪಾರ್ಶ್ವವಾಯುವಿನಿಂದ ಅವರು ಹೆಚ್ಚು ಸಾಯುತ್ತಾರೆ. ಆದ್ದರಿಂದ ಈ ಗುಳಿಗೆಗಳು ಕಾಲಿಗಷ್ಟೇ ಅಲ್ಲ. 2023ರಲ್ಲಿ ರಿಪ್ರೀವ್ ಎಂಬ ಪ್ರಯೋಗದ ಫಲಿತಾಂಶ ಬಂತು. ಎಚ್ಐವಿ ಇರುವ, 40ರಿಂದ 75 ವಯಸ್ಸಿನ 7,769 ಜನ ಅದರಲ್ಲಿದ್ದರು, ಭಾರತದವರೂ ಇದ್ದರು. ಹೃದ್ರೋಗದ ಅಪಾಯ ಹೆಚ್ಚೇನೂ ಇಲ್ಲ ಎನ್ನಿಸಿಕೊಂಡಿದ್ದ ಅವರಿಗೆ ಪಿಟಾವಸ್ಟ್ಯಾಟಿನ್ ಕೊಟ್ಟಾಗ ಹೃದಯ ಮತ್ತು ರಕ್ತನಾಳದ ದೊಡ್ಡ ಅವಘಡಗಳು ಶೇ 35ರಷ್ಟು ಕಡಿಮೆಯಾದವು. ನಲವತ್ತು ದಾಟಿದವರು ನಿಮ್ಮ ವೈದ್ಯರನ್ನು ಸ್ಟ್ಯಾಟಿನ್ ಬಗ್ಗೆ ಕೇಳಲೇಬೇಕು ಎಂದು ನಾನು ಹೇಳುವುದು ಇದರಿಂದ.

ಆದರೆ ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಈಗ ಎಚ್ಐವಿಗೆ ಮೊದಲ ಹಂತದಲ್ಲಿ ಕೊಡುವ ಡೊಲುಟೆಗ್ರಾವಿರ್ ಇರುವ ಗುಳಿಗೆ ಈ ಔಷಧಗಳ ಜೊತೆ ಹೆಚ್ಚು ಜಗಳ ಮಾಡುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್ಫಾರ್ಮಿನ್ ಪ್ರಮಾಣವನ್ನು ಮಾತ್ರ ಅದರ ಜೊತೆ ಮಿತಿಯಲ್ಲಿಡಬೇಕು. ಎರಡನೇ ಹಂತದ ರಿಟೊನಾವಿರ್ ಇರುವ ಗುಳಿಗೆ ಹಾಗಲ್ಲ. ಅದು ಯಕೃತ್ತಿನ ಬಾಗಿಲು ಹಾಕಿ, ಬೇರೆ ಔಷಧಗಳು ದೇಹದಿಂದ ಹೊರಹೋಗದಂತೆ ತಡೆಯುತ್ತದೆ. ಸಿಮ್ವಸ್ಟ್ಯಾಟಿನ್ ಅದರ ಜೊತೆ ಕೂಡದು. ನಡೆಯುವ ದೂರ ಹೆಚ್ಚಿಸಲು ಕೊಡುವ ಸಿಲೋಸ್ಟಜಾಲ್ ಕೂಡ ರಕ್ತದಲ್ಲಿ ಏರುತ್ತದೆ. ಎಲ್ಲಕ್ಕಿಂತ ಅಪಾಯದ್ದು ಅರೆತಲೆನೋವಿಗೆ ಕೊಡುವ ಎರ್ಗೊಟಮಿನ್. ರಿಟೊನಾವಿರ್ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ಕೈಕಾಲಿನ ನಾಳಗಳು ಹಿಂಡಿದಂತೆ ಬಿಗಿದುಕೊಂಡು, ಆರೋಗ್ಯವಾಗಿದ್ದ ಕಾಲೂ ಕೊಳೆಯಬಹುದು. ತಲೆನೋವಿನ ಗುಳಿಗೆಯಿಂದ ಕಾಲು ಹೋಗುತ್ತದೆ ಎಂದರೆ ಯಾರೂ ನಂಬುವುದಿಲ್ಲ, ಆದ್ದರಿಂದಲೇ ಒತ್ತಿ ಹೇಳುತ್ತಿದ್ದೇನೆ.

ಎಆರ್‌ಟಿ ಗುಳಿಗೆಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಸ್ವಲ್ಪ ಕಾಲ ನಿಲ್ಲಿಸಿ, ಸಿಡಿ4 ಇಳಿದಾಗ ಮತ್ತೆ ಕೊಟ್ಟರೆ ಆಗುತ್ತದೆಯೇ ಎಂದು ಸ್ಮಾರ್ಟ್ ಎಂಬ ಅಧ್ಯಯನ 2006ರಲ್ಲಿ ಪರೀಕ್ಷಿಸಿತು. ನಿಲ್ಲಿಸಿದವರಲ್ಲಿ ಸಾವೂ ಹೆಚ್ಚಿತು, ಹೃದಯದ ತೊಂದರೆಯೂ ಹೆಚ್ಚಿತು. ಗುಳಿಗೆಯಿಂದ ಕಾಲು ಕೆಟ್ಟಿತು ಎಂದು ಗುಳಿಗೆ ಬಿಟ್ಟವರಿಗೆ ಇದನ್ನು ಹೇಳಿ.

ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ತಡೆಯಲಾರದ ನೋವು ಬಂದು, ಸ್ಪರ್ಶ ತಿಳಿಯದೆ, ಬೆರಳು ಅಲ್ಲಾಡಿಸಲಾಗದೆ ಹೋದರೆ ಅದು ಗಂಟೆಗಳ ಲೆಕ್ಕ, ಸುಮಾರು ಆರು ಗಂಟೆ. ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಇಲ್ಲಿಂದ ಬೆಳಗಾವಿ ನೂರು ಕಿಲೋಮೀಟರಿಗೂ ದೂರ. ಆರು ಗಂಟೆಯಲ್ಲಿ ದಾರಿಗೇ ಎಷ್ಟು ಹೋಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಮಾತು ಮುಗಿದ ಮೇಲೆ ಹಲವರು ಚಪ್ಪಲಿ ಬಿಟ್ಟು ಒಬ್ಬರ ಪಾದ ಒಬ್ಬರು ಹಿಡಿದು ನಾಡಿ ಹುಡುಕುತ್ತಿದ್ದರು. ಆಗ ಬಂದ ಪ್ರಶ್ನೆಗಳು ಇವು.

ಒಬ್ಬ ಯುವಕ ಕೇಳಿದ: 'ನನಗೆ ಮೂವತ್ತೆರಡು. ಇದೆಲ್ಲ ವಯಸ್ಸಾದವರಿಗೆ ತಾನೆ?' ಹೆಚ್ಚಾಗಿ ಹೌದು. ಆದರೆ ಹೊಗೆ ಸೇದುವ ಚಿಕ್ಕ ವಯಸ್ಸಿನವರಲ್ಲಿ ಬರ್ಗರ್ ಕಾಯಿಲೆ ಎಂಬ ಇನ್ನೊಂದು ಬಗೆ ಬರುತ್ತದೆ, ಅದು ಬೆರಳುಗಳನ್ನೇ ತಿನ್ನುತ್ತದೆ. ಅದಕ್ಕೆ ಮುಖ್ಯ ಚಿಕಿತ್ಸೆ ತಂಬಾಕನ್ನು ಪೂರ್ತಿ ಬಿಡುವುದು. 'ಸೇದುತ್ತೀಯಾ?' ಎಂದು ಕೇಳಿದೆ. ತಲೆ ತಗ್ಗಿಸಿದ.

ಒಬ್ಬ ಆಶಾ ಕಾರ್ಯಕರ್ತೆ ಕೇಳಿದರು: 'ಎಷ್ಟು ದಿನಕ್ಕೊಮ್ಮೆ ನೋಡಬೇಕು?' ಸಕ್ಕರೆ ಕಾಯಿಲೆ ಇದ್ದವರು, ಸೇದುವವರು, ಐವತ್ತು ದಾಟಿದವರ ನಾಡಿಯನ್ನು ವರ್ಷಕ್ಕೊಮ್ಮೆಯಾದರೂ ನೋಡಿ. ಪಾದದ ಚರ್ಮ, ಬೆರಳ ಸಂದುಗಳನ್ನು ಅವರೇ ದಿನವೂ ನೋಡಿಕೊಳ್ಳಲಿ. ಬಾಗಲು ಆಗದವರು ಕನ್ನಡಿ ಕೆಳಗಿಟ್ಟು ನೋಡಲಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು, ಎಲ್ಲರೂ ಏಳುವವರೆಗೆ ಕಾದು, ಹತ್ತಿರ ಬಂದು ಮೆಲ್ಲಗೆ ಕೇಳಿದಳು: 'ನಮ್ಮ ಊರಿನ ದವಾಖಾನೆಯಲ್ಲಿ ಕಾಲು ತೋರಿಸಿದರೆ, ನನಗೆ ಎಚ್ಐವಿ ಇದೆ ಎಂದು ಹೇಳಲೇಬೇಕಾ? ಅಲ್ಲಿ ಎಲ್ಲರೂ ಪರಿಚಯದವರು.'

ಹೇಳಲೇಬೇಕಾಗಿಲ್ಲ ಎಂದೆ. 2017ರ ಎಚ್ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನ್ಯಾಯಾಲಯದ ಆದೇಶವಿಲ್ಲದೆ ಯಾರೂ ನಿನ್ನಿಂದ ಅದನ್ನು ಬಲವಂತವಾಗಿ ಹೇಳಿಸುವಂತಿಲ್ಲ, ಗೊತ್ತಾಯಿತೆಂದು ಚಿಕಿತ್ಸೆ ನಿರಾಕರಿಸುವಂತೆಯೂ ಇಲ್ಲ. ನಾಡಿ ನೋಡಲು ಆ ವಿಷಯ ಯಾರಿಗೂ ಬೇಕಾಗಿಲ್ಲ. ಆದರೆ ಹೊಸ ಗುಳಿಗೆ ಬರೆದುಕೊಟ್ಟರೆ ನುಂಗುವ ಮೊದಲು ಆ ಚೀಟಿಯನ್ನು ಎಆರ್‌ಟಿ ಕೇಂದ್ರದಲ್ಲಿ ತೋರಿಸು, ಎರಡೂ ಕೂಡುತ್ತವೆಯೇ ಎಂದು ಅವರು ಹೇಳುತ್ತಾರೆ.

ಅವಳು ತಲೆಯಾಡಿಸಿದಳು. ಆಮೇಲೆ ಎಡಗಾಲಿನ ಚಪ್ಪಲಿ ಬಿಟ್ಟು, 'ಈಗಲೇ ಒಮ್ಮೆ ನೋಡುತ್ತೀರಾ?' ಎಂದು ಪಾದ ಮುಂದಿಟ್ಟಳು. ಕುರ್ಚಿ ಎಳೆದು ಕೂತು ನೋಡಿದೆ. ಮೇಲಿನ ನಾಡಿ ಸಿಗಲಿಲ್ಲ. ಎಲುಬಿನ ಹಿಂದಿನದು ಸಿಕ್ಕಿತು, ಚೆನ್ನಾಗಿ ಬಡಿಯುತ್ತಿತ್ತು. ಅವಳ ಬೆರಳುಗಳನ್ನು ತೆಗೆದುಕೊಂಡು ಆ ಜಾಗದ ಮೇಲಿಟ್ಟೆ.